ಭೀಮೆ ದಾಟಿದರೆ ಬೇರೆ ರೂಪಾಯಿ

ಚಡಚಣಕ್ಕೆ ಬಟ್ಟೆ ಕೊಳ್ಳಲು ಸೊಲ್ಲಾಪುರದ ಕಡೆಯವರೂ ಬರುತ್ತಾರೆ, ಅಫಜಲಪುರದ ಕಡೆಯವರೂ ಬರುತ್ತಾರೆ. ಎಲ್ಲರ ಕಿಸೆಯಲ್ಲೂ ಒಂದೇ ರೂಪಾಯಿ. 1948ಕ್ಕೆ ಮುಂಚೆ ಹಾಗಿರಲಿಲ್ಲ. ಚಡಚಣವಿದ್ದ ಇಂಡಿ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಭೀಮಾ ಹೊಳೆಯಾಚೆಯ ಅಫಜಲಪುರ ಹೈದರಾಬಾದ್ ನಿಜಾಮನ ರಾಜ್ಯಕ್ಕೆ. ಇಲ್ಲಿ ಬ್ರಿಟಿಷರ ಕಲ್ದಾರ ರೂಪಾಯಿ, ಅಲ್ಲಿ ನಿಜಾಮನ ಹಾಲಿ ಸಿಕ್ಕಾ. ನೂರು ಕಲ್ದಾರಕ್ಕೆ ಹಾಲಿ 116 ರೂಪಾಯಿ 10 ಆಣೆ 8 ಪೈ. ಎರಡೂ ದಂಡೆಯಲ್ಲಿ ನೆಂಟಸ್ತನ ಇದ್ದವರು ಈ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಳ್ಳಬೇಕಿತ್ತು.

ಹಾಲಿ ನೋಟು ಹುಟ್ಟಿದ್ದು ಬೆಳ್ಳಿಯ ಬರದಿಂದ. ಮೊದಲ ಮಹಾಯುದ್ಧದಲ್ಲಿ ನಾಣ್ಯಕ್ಕೆ ಬೆಳ್ಳಿ ಸಾಲದಾಯಿತು. 1918ರಲ್ಲಿ ಹೈದರಾಬಾದ್ ಸರಕಾರ ಕಾಗದದ ಹಣದ ಕಾಯಿದೆ ತಂದು 10 ಮತ್ತು 100 ರೂಪಾಯಿಯ ನೋಟು ಹೊರಡಿಸಿತು. ಮರುವರ್ಷ 1 ಮತ್ತು 5ರ ನೋಟು, 1926ರಲ್ಲಿ ಸಾವಿರದ್ದು. ಉರ್ದು, ತೆಲುಗು, ಮರಾಠಿಯ ಜೊತೆ ಕನ್ನಡದಲ್ಲೂ ಮೊತ್ತ ಅಚ್ಚಾಯಿತು. ನನಗೆ ಆ ನೋಟಿನ ಮೇಲೆ ಇಷ್ಟು ಮೋಹ ಆ ಪುಟ್ಟ ಕನ್ನಡ ಸಾಲಿನಿಂದಲೇ.

ಹಾಲಿ ನೋಟನ್ನು ಗುರುತಿಸುವಾಗ ಮೊದಲು ಇಸವಿ ನೋಡಿ. ಅದು ಫಸಲಿ ಲೆಕ್ಕ, 590 ಕೂಡಿಸಬೇಕು: 1331 ಎಂದಿದ್ದರೆ 1921ರ ಸುಮಾರು. ಆಮೇಲೆ ಸಹಿ. ಅಲ್ಲಿ ಹಣಕಾಸು ಮುಖ್ಯಸ್ಥರ ರುಜು ಇರುತ್ತದೆ. ಹೈದರ್ ನವಾಜ್ ಜಂಗ್ ಎಂದರೆ ಅಕ್ಬರ್ ಹೈದರಿ. ಇನ್ನೊಂದರಲ್ಲಿ ಗುಲಾಂ ಮಹಮ್ಮದ್, ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದವರು. ನೋಟು ಅದೇ ಆದರೂ ಸಹಿ ಬದಲಾದರೆ ಬೆಲೆಯೂ ಬದಲಾಗುತ್ತದೆ.

ಅತಿ ವಿಚಿತ್ರ ಹಾಲಿ ನೋಟುಗಳು ಸಮುದ್ರದ ತಳ ಕಂಡವು. ಇಂಗ್ಲೆಂಡಿನಿಂದ ಹೊರಟ 'ಈಜಿಪ್ಟ್' ಹಡಗು 1922ರ ಮೇ 20ರಂದು ಫ್ರಾನ್ಸ್ ಕರಾವಳಿಯಾಚೆ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಚಿನ್ನ ಬೆಳ್ಳಿಯ ಜೊತೆ ನಿಜಾಮನ ನೋಟುಗಳೂ ಮುಳುಗಿದವು. ಹತ್ತು ವರ್ಷದ ಮೇಲೆ ಇಟಲಿಯ ಮುಳುಗುಗಾರರು ಮೇಲೆತ್ತಿದ ಆ ನೋಟುಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ.

ಇನ್ನು ಬೆಲೆ. ನೋಟನ್ನು ಬೆಳಕಿಗೆ ಹಿಡಿಯಿರಿ. ಎಡಬದಿಯಲ್ಲಿ ಸೂಜಿಮೊನೆಯಷ್ಟು ಎರಡು ತೂತು, ಸುತ್ತ ತುಕ್ಕಿನ ಕಂದು ಕಲೆ ಕಂಡರೆ ಅದು ನೋಟಿನ ಕಟ್ಟಿಗೆ ಚುಚ್ಚಿದ ಪಿನ್ನಿನ ಗುರುತು. ನಡುವಿನ ಮಡಿಕೆ, ಸವೆದ ಮೂಲೆ, ತೂತು, ಒಂದೊಂದಕ್ಕೂ ಬೆಲೆ ಇಳಿಯುತ್ತದೆ. ಆದರೆ ತೊಳೆದು ಇಸ್ತ್ರಿ ಹಾಕಿದ ನೋಟು ಇವೆಲ್ಲಕ್ಕಿಂತ ಕಡೆ. ಕಾಗದದ ಗರಿಗರಿ ಹೋಗಿ ಬಣ್ಣ ಮಂಕಾಗುವುದು ಪಳಗಿದ ಬೆರಳಿಗೆ ತಕ್ಷಣ ತಿಳಿಯುತ್ತದೆ. ಅಂಟುಪಟ್ಟಿಯಂತೂ ಬೇಡವೇ ಬೇಡ.

ಅಜ್ಜಿಯ ಟ್ರಂಕಿನಲ್ಲಿ ಹಾಲಿ ನೋಟು ಸಿಕ್ಕರೆ ಇದ್ದ ಹಾಗೇ ಇಡಿ. ಯಾವ ಊರು, ಯಾರ ಪೆಟ್ಟಿಗೆ, ಹೇಗೆ ಹೊಳೆ ದಾಟಿ ಬಂತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಬೇರೆ ಚೀಟಿಯಲ್ಲಿ ಬರೆದಿಡಿ. ನೋಟಿನ ಮೇಲೆ ಮಾತ್ರ ಬರೆಯಬೇಡಿ.