ಬಿಸಿಲಿನ ಕ್ರೀಮು ಕೊಳ್ಳುವ ಮುನ್ನ ಟ್ಯೂಬಿನ ಬೆನ್ನು ಓದಿ

ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ಚಳ್ಳಕೆರೆಯ ಬಯಲಲ್ಲಿ ನಿಂತರೆ ನಮ್ಮ ನೆರಳು ನಮ್ಮ ಕಾಲಡಿಗೇ ಸೇರಿಬಿಟ್ಟಿರುತ್ತದೆ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಒಂದೆರಡು ದಿನದಲ್ಲಿ ಮೊಳಕಾಲ್ಮುರಿನಲ್ಲೂ ಹಾಗೆಯೇ. ಆಗಸ್ಟ್ ಎರಡನೇ ವಾರ, ಸ್ವಾತಂತ್ರ್ಯೋತ್ಸವದ ಪಥಸಂಚಲನಕ್ಕೆ ಮಕ್ಕಳು ಮೈದಾನದಲ್ಲಿ ತಾಲೀಮು ನಡೆಸುವ ಹೊತ್ತಿಗೆ ಸೂರ್ಯ ಮತ್ತೊಮ್ಮೆ ಅದೇ ಜಾಗಕ್ಕೆ ಬರುತ್ತಾನೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಮೋಡವೂ ಕಡಿಮೆ, ಮರವೂ ಕಡಿಮೆ. ಇಂಥ ಬಿಸಿಲನ್ನೇ ನಂಬಿ ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್‌ ಸಾಮರ್ಥ್ಯದ ಸೋಲಾರ್ ಪಾರ್ಕ್ ಎದ್ದು ನಿಂತಿದೆ.

ಈ ಬಿಸಿಲಲ್ಲಿ ನಿಲ್ಲುವವರು ರೈತರು, ಕುರಿಗಾಹಿಗಳು ಮಾತ್ರವಲ್ಲ. ರಜೆ ಬಂದರೆ ಶೇಂಗಾ ಕೀಳಲು, ಈರುಳ್ಳಿ ಕೊಯ್ಯಲು ಹೋಗುವ ಡಿಗ್ರಿ ವಿದ್ಯಾರ್ಥಿಗಳಿದ್ದಾರೆ. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆಂದು 1600 ಮೀಟರ್ ಓಡಿ ಬೆವರು ಸುರಿಸುವವರಿದ್ದಾರೆ. ಬೈಕಿನಲ್ಲಿ ಪಾರ್ಸೆಲ್ ಹಂಚುವವರು, ಸರ್ವೆ ಕೆಲಸಕ್ಕೆ ಹಳ್ಳಿ ಹಳ್ಳಿ ಸುತ್ತುವವರು, ಬಸ್ಸಿಗಾಗಿ ಕೈಮರದ ಬಳಿ ಅರ್ಧ ಗಂಟೆ ಕಾಯುವವರು ಎಲ್ಲರೂ ನಮ್ಮ ವಯಸ್ಸಿನವರೇ. ಆದರೂ ಸನ್‌ಸ್ಕ್ರೀನ್ ಎಂದರೆ ಬೆಂಗಳೂರಿನ ಹುಡುಗಿಯರ ಶೋಕಿ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಅಂಗಡಿಗೆ ಹೋಗಿ ಕೇಳಿದರೂ ಎಷ್ಟೋ ಕಡೆ ಕೈಗೆ ಬರುವುದು 'ಬೆಳ್ಳಗಾಗುವ ಕ್ರೀಮು'. ಇವೆರಡೂ ಬೇರೆ ಬೇರೆ. ಆ ವ್ಯತ್ಯಾಸ ತಿಳಿಯದೇ ಹೋದರೆ ದುಡ್ಡಿನ ಜೊತೆಗೆ ಆರೋಗ್ಯವೂ ಹೋಗುತ್ತದೆ.

ಬಿಸಿಲು ಚರ್ಮಕ್ಕೆ ಮಾಡುವುದೇನು?

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಇವುಗಳಲ್ಲಿ ಎರಡು ಬಗೆ ನಮ್ಮನ್ನು ಮುಟ್ಟುತ್ತವೆ. ಯುವಿ-ಬಿ ಚರ್ಮವನ್ನು ಸುಡುತ್ತದೆ, ಉರಿ ತರಿಸುತ್ತದೆ. ಯುವಿ-ಎ ಇನ್ನಷ್ಟು ಆಳಕ್ಕೆ ಇಳಿದು ಚರ್ಮವನ್ನು ಬೇಗ ಸುಕ್ಕುಗಟ್ಟಿಸುತ್ತದೆ, ಕೆನ್ನೆಯ ಮೇಲಿನ ಬಂಗನ್ನು ಗಾಢ ಮಾಡುತ್ತದೆ. ಇದು ಬಸ್ಸಿನ ಕಿಟಕಿ ಗಾಜನ್ನೂ ದಾಟುತ್ತದೆ. ಈ ಕಿರಣಗಳು ಶಾಖವಾಗಿ ಅನುಭವಕ್ಕೆ ಬರುವುದಿಲ್ಲ. ಆದ್ದರಿಂದ ಗಾಳಿ ಬೀಸಿ ತಂಪೆನಿಸುವ ಆಗಸ್ಟ್ ತಿಂಗಳಲ್ಲೂ ಅವುಗಳ ಕೆಲಸ ನಿಲ್ಲುವುದಿಲ್ಲ.

ಮೊಳಕಾಲ್ಮುರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಲ್ಲಿನ ರೇಷ್ಮೆ ಸೀರೆಯನ್ನು ತಿಳಿದವರು ಯಾರೂ ಬಿಸಿಲಿಗೆ ಹರವುವುದಿಲ್ಲ, ನೆರಳಲ್ಲೇ ಒಣಗಿಸುತ್ತಾರೆ. ರೇಷ್ಮೆ ಒಂದು ಪ್ರೋಟೀನು. ನೇರಳಾತೀತ ಕಿರಣ ತಾಗಿದರೆ ಅದು ಹಳದಿಯಾಗುತ್ತದೆ, ಎಳೆ ಬಲ ಕಳೆದುಕೊಳ್ಳುತ್ತದೆ. ನಮ್ಮ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಕೂಡ ಪ್ರೋಟೀನೇ.

ಕಪ್ಪು, ಕಂದು ಮೈಬಣ್ಣದವರಿಗೆ ಮೆಲನಿನ್ ಹೆಚ್ಚಿರುವುದರಿಂದ ಒಂದಿಷ್ಟು ರಕ್ಷಣೆ ಹುಟ್ಟಿನಿಂದಲೇ ಸಿಕ್ಕಿದೆ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ನಮ್ಮಲ್ಲಿ ಬಹಳ ಕಡಿಮೆ. ಆದರೆ ಬಂಗು, ಮೊಡವೆ ವಾಸಿಯಾದ ಮೇಲೂ ಉಳಿಯುವ ಕಪ್ಪು ಕಲೆ, ಬಿಸಿಲಿನ ಅಲರ್ಜಿ ಇವು ನಮ್ಮನ್ನೇ ಹೆಚ್ಚು ಕಾಡುತ್ತವೆ.

ಮೊದಲು ಬಟ್ಟೆ, ಆಮೇಲೆ ಕ್ರೀಮು

ಕುರಿಗಾಹಿಗಳು ಬೇಸಿಗೆಯಲ್ಲೂ ಹೆಗಲ ಮೇಲೆ ಕರಿ ಕಂಬಳಿ ಬಿಡುವುದಿಲ್ಲ. ದಟ್ಟವಾಗಿ ನೇಯ್ದ ಗಾಢ ಬಣ್ಣದ ಉಣ್ಣೆ ನೇರಳಾತೀತ ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆ. ಜೀನ್ಸ್ ಬಟ್ಟೆ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ತೆಳ್ಳನೆ ಬಿಳಿ ಕಾಟನ್ ಟಿ-ಶರ್ಟ್ ಅಷ್ಟು ತಡೆಯುವುದಿಲ್ಲ, ಬೆವರಿಗೆ ಒದ್ದೆಯಾದರೆ ಇನ್ನೂ ಕಡಿಮೆ. ನಿಮ್ಮ ವೇಲನ್ನೋ ಟವಲನ್ನೋ ಬೆಳಕಿಗೆ ಹಿಡಿದು ನೋಡಿ. ಆಚೆಗಿನದೆಲ್ಲ ಕಾಣುತ್ತಿದ್ದರೆ ಬಿಸಿಲೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತದೆ ಎಂದರ್ಥ.

ತುಂಬುತೋಳಿನ ಅಂಗಿ, ತಲೆಗೆ ರುಮಾಲು, ಕೈಯಲ್ಲಿ ಛತ್ರಿ ಇದ್ದರೆ ಕ್ರೀಮು ಬೇಕಾಗುವುದು ಮುಖ, ಕತ್ತು, ಕಿವಿ, ಮುಂಗೈಗೆ ಮಾತ್ರ. ಹೊತ್ತು ನೋಡುವುದಕ್ಕೆ ಗಡಿಯಾರವೂ ಬೇಡ. ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಬಿಸಿಲು ಜೋರಾಗಿದೆ ಎಂದೇ ಲೆಕ್ಕ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬೆಳಿಗ್ಗೆ ಒಂಬತ್ತೂ ಕಾಲರ ಸುಮಾರಿನಿಂದ ಮಧ್ಯಾಹ್ನ ಮೂರೂವರೆವರೆಗೆ ಹೀಗಿರುತ್ತದೆ. ಡಿಸೆಂಬರ್‌ನಲ್ಲೂ ಮೂರು ತಾಸಿಗೆ ಕಡಿಮೆಯಿಲ್ಲ. ಓಟದ ಅಭ್ಯಾಸವನ್ನು ಎಂಟು ಗಂಟೆಯೊಳಗೆ ಮುಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಖನಿಜದ ಸನ್‌ಸ್ಕ್ರೀನ್ ಎಂದರೆ?

ಸನ್‌ಸ್ಕ್ರೀನ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಆಕ್ಸಿಬೆಂಜೋನ್, ಅವೊಬೆಂಜೋನ್, ಆಕ್ಟಿನಾಕ್ಸೇಟ್‌ನಂಥ ರಾಸಾಯನಿಕಗಳು ಕಿರಣಗಳನ್ನು ಹೀರುತ್ತವೆ. ಇನ್ನೊಂದರಲ್ಲಿ ಆ ಕೆಲಸ ಮಾಡುವುದು ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಎಂಬ ಎರಡು ಖನಿಜಗಳ ನುಣುಪು ಪುಡಿ. ಇದನ್ನೇ ಮಿನರಲ್ ಅಥವಾ ಫಿಸಿಕಲ್ ಸನ್‌ಸ್ಕ್ರೀನ್ ಎನ್ನುತ್ತಾರೆ. ಖನಿಜವು ಕನ್ನಡಿಯಂತೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಖನಿಜವೂ ಬಹುಪಾಲು ಕಿರಣಗಳನ್ನು ಹೀರಿಯೇ ತಡೆಯುತ್ತದೆ, ಚದುರಿಸುವುದು ಸ್ವಲ್ಪ ಮಾತ್ರ. ಇದರ ಅನುಕೂಲ ಬೇರೆಯೇ ಇದೆ: ಇದು ಚರ್ಮದ ಮೇಲ್ಪದರದಲ್ಲೇ ಕೂರುತ್ತದೆ. ಜಿಂಕ್ ಆಕ್ಸೈಡ್ ನಮಗೆ ಹೊಸದೂ ಅಲ್ಲ. ಬೆವರುಸಾಲೆಗೆ ಹಚ್ಚುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್‌ನಲ್ಲಿ, ಹಸುಗೂಸಿನ ಡಯಾಪರ್ ಕ್ರೀಮಿನಲ್ಲಿ ಇರುವುದು ಅದೇ. ಹಾಗೆಂದು ಕ್ಯಾಲಮೈನ್ ಹಚ್ಚಿ ಬಿಸಿಲಿಗೆ ಹೋಗಬೇಡಿ, ಅದನ್ನು ಬಿಸಿಲು ತಡೆಯಲೆಂದು ಅಳತೆ ಮಾಡಿ ತಯಾರಿಸಿರುವುದಿಲ್ಲ.

ಇದನ್ನು 'ಹೆಚ್ಚು ಸುರಕ್ಷಿತ' ಎನ್ನುವುದೇಕೆ? ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2019ರಲ್ಲಿ ಸನ್‌ಸ್ಕ್ರೀನ್‌ಗಳ ಘಟಕಗಳನ್ನು ಪರಿಶೀಲಿಸಿ, ಈಗಿರುವ ಮಾಹಿತಿಯ ಪ್ರಕಾರ ಸುರಕ್ಷಿತ ಮತ್ತು ಪರಿಣಾಮಕಾರಿ ಎನ್ನಲು ಸಾಧ್ಯವಿರುವುದು ಈ ಎರಡು ಖನಿಜಗಳನ್ನು ಮಾತ್ರ ಎಂದು ಪ್ರಸ್ತಾವ ಮಾಡಿತು. ಇನ್ನು 12 ಘಟಕಗಳ ಬಗ್ಗೆ ಹೆಚ್ಚಿನ ಮಾಹಿತಿ ಬೇಕು ಎಂದಿತು. ಅದೇ ವರ್ಷ 24 ಜನರ ಮೇಲೆ, ಮರುವರ್ಷ 48 ಜನರ ಮೇಲೆ ನಡೆದ ಪ್ರಯೋಗಗಳಲ್ಲಿ ಕೆಲವು ರಾಸಾಯನಿಕಗಳು ಚರ್ಮದ ಮೂಲಕ ರಕ್ತಕ್ಕೆ ಸೇರುವುದು ಕಂಡುಬಂತು. ರಕ್ತಕ್ಕೆ ಸೇರಿದ ಮಾತ್ರಕ್ಕೆ ತೊಂದರೆಯಾಗುತ್ತದೆ ಎಂದು ಅರ್ಥವಲ್ಲ, ಸನ್‌ಸ್ಕ್ರೀನ್ ಬಳಸುವುದನ್ನು ಬಿಡಬೇಡಿ ಎಂದು ಆ ವಿಜ್ಞಾನಿಗಳೇ ಹೇಳಿದ್ದಾರೆ. ಆದ್ದರಿಂದ ಮನೆಯಲ್ಲಿ ಈಗಾಗಲೇ ಇರುವ ಟ್ಯೂಬನ್ನು ಹೆದರಿ ಎಸೆಯಬೇಕಾಗಿಲ್ಲ. ಹೊಸದಾಗಿ ಕೊಳ್ಳುವವರು, ಅದರಲ್ಲೂ ಸೂಕ್ಷ್ಮ ಚರ್ಮದವರು, ಬಂಗು ಇರುವವರು, ಗರ್ಭಿಣಿಯರು ಖನಿಜದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಓಡುವವರಿಗೆ ಇನ್ನೊಂದು ಲಾಭವಿದೆ: ಬೆವರಿನ ಜೊತೆ ಇಳಿದರೂ ಇದು ಸಾಮಾನ್ಯವಾಗಿ ಕಣ್ಣುರಿ ತರುವುದು ಕಡಿಮೆ.

ಲೇಬಲ್‌ನಲ್ಲಿ ನೋಡಬೇಕಾದ್ದು

ಟ್ಯೂಬಿನ ಮುಂಭಾಗ ಜಾಹೀರಾತು. 'ನ್ಯಾಚುರಲ್', 'ಹರ್ಬಲ್', 'ಮಿನರಲ್ ರಿಚ್' ಎಂಬ ಪದಗಳನ್ನು ನೆಚ್ಚಿಕೊಂಡು ಕೊಳ್ಳಬೇಡಿ. ಹಿಂಭಾಗ ತಿರುಗಿಸಿ ಇಷ್ಟನ್ನು ನೋಡಿ.

ಒಂದು, ಘಟಕಗಳ ಪಟ್ಟಿ. ಜಿಂಕ್ ಆಕ್ಸೈಡ್ ಮೊದಲ ಕೆಲವು ಹೆಸರುಗಳಲ್ಲೇ ಇರಬೇಕು. ಯುವಿ-ಎ ಮತ್ತು ಯುವಿ-ಬಿ ಎರಡನ್ನೂ ಚೆನ್ನಾಗಿ ತಡೆಯುವುದು ಅದೇ. ಟೈಟಾನಿಯಂ ಡೈಆಕ್ಸೈಡ್ ಒಂದೇ ಇದ್ದರೆ ಯುವಿ-ಎ ರಕ್ಷಣೆ ಕಡಿಮೆ. ಪಟ್ಟಿಯ ಕೊನೆಯಲ್ಲೆಲ್ಲೋ ಜಿಂಕ್ ಇದ್ದು, ಮೇಲೆಲ್ಲ ಬೆಂಜೋನ್, ಸಿನ್ನಮೇಟ್ ಎಂಬ ಹೆಸರುಗಳಿದ್ದರೆ ಅದು ಖನಿಜದ ಸನ್‌ಸ್ಕ್ರೀನ್ ಅಲ್ಲ, ಬೆರಕೆ.

ಎರಡು, ಎಸ್‌ಪಿಎಫ್. ಇದು ಮುಖ್ಯವಾಗಿ ಯುವಿ-ಬಿ ತಡೆಯುವ ಅಳತೆ. 15 ಇದ್ದರೆ ಸುಮಾರು ಶೇ 93, 30 ಇದ್ದರೆ ಶೇ 97, 50 ಇದ್ದರೆ ಶೇ 98ರಷ್ಟು ತಡೆಯುತ್ತದೆ. 30ರಿಂದ 50ಕ್ಕೆ ಹೋದರೆ ಸಿಗುವುದು ಶೇ 1 ಮಾತ್ರ. ನಿತ್ಯದ ಬಳಕೆಗೆ 30 ಸಾಕು. ಇಡೀ ದಿನ ಹೊಲದಲ್ಲಿ ಇರುವವರು 50 ತೆಗೆದುಕೊಳ್ಳಲಿ.

ಮೂರು, ಪಿಎ ಗುರುತು. ಇದು ಯುವಿ-ಎ ಅಳತೆ. ಪಿಎ ಮುಂದೆ ಮೂರು ಅಥವಾ ನಾಲ್ಕು ಪ್ಲಸ್ ಇರಲಿ. ಅದಿಲ್ಲದಿದ್ದರೆ 'ಬ್ರಾಡ್ ಸ್ಪೆಕ್ಟ್ರಮ್' ಎಂದಾದರೂ ಇರಲಿ.

ನಾಲ್ಕು, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು. ಇವುಗಳಲ್ಲಿ ಯಾವುದು ಇಲ್ಲದಿದ್ದರೂ ಅಂಗಡಿಯವರಿಗೆ ವಾಪಸ್ ಕೊಡಿ.

ಐದು, ಸ್ಪ್ರೇ ಮತ್ತು ಪೌಡರ್ ಬೇಡ. ಖನಿಜದ ಪುಡಿ ಚರ್ಮದ ಮೇಲಿದ್ದರೆ ಚಿಂತೆಯಿಲ್ಲ, ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಬಾರದು.

ಖನಿಜದ ಕ್ರೀಮಿನ ಒಂದು ಕಿರಿಕಿರಿ ಎಂದರೆ ನಮ್ಮ ಮೈಬಣ್ಣದ ಮೇಲೆ ವಿಭೂತಿ ಬಳಿದಂತೆ ಬೆಳ್ಳಗೆ ಕಾಣುವುದು. ಹುಡುಗರು ಇದನ್ನು ಒಂದು ದಿನ ಹಚ್ಚಿ ಬಿಡುವುದೂ ಅದಕ್ಕೇ. ಇದಕ್ಕೆ 'ಟಿಂಟೆಡ್' ಎಂಬ ಬಗೆ ಇದೆ. ಅದರಲ್ಲಿ ಐರನ್ ಆಕ್ಸೈಡ್, ಅಂದರೆ ಕೆಮ್ಮಣ್ಣಿಗೆ ಬಣ್ಣ ಕೊಡುವ ವಸ್ತು, ಬೆರೆತಿರುತ್ತದೆ. ಬಿಳುಪು ಮರೆಯಾಗುವುದರ ಜೊತೆಗೆ, ಬಂಗನ್ನು ಹೆಚ್ಚಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ.

ಎಷ್ಟು ಹಚ್ಚಬೇಕು, ಎಷ್ಟು ಖರ್ಚು?

ಲೇಬಲ್ ಮೇಲಿನ ಎಸ್‌ಪಿಎಫ್ ಸಿಗಬೇಕಾದರೆ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಬೇಕು. ಸುಲಭವಾಗಿ ಹೇಳುವುದಾದರೆ, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಮುಖ, ಕತ್ತಿಗೆ ಆಗುತ್ತದೆ. ಅದು ಸುಮಾರು 1 ಗ್ರಾಂ. ಶೇಂಗಾ ಕಾಳಿನಷ್ಟು ಹಚ್ಚಿದರೆ 50ರ ಕ್ರೀಮೂ 50ರ ಕೆಲಸ ಮಾಡುವುದಿಲ್ಲ. ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಮೇಲೆ ಮತ್ತೆ ಹಚ್ಚಬೇಕು.

ಈಗ ಲೆಕ್ಕ ಹಾಕೋಣ. 50 ಗ್ರಾಂ ಟ್ಯೂಬಿಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೊಮ್ಮೆ ಹಚ್ಚಿದರೆ 50 ದಿನ ಬರುತ್ತದೆ, ದಿನಕ್ಕೆ 8 ರೂಪಾಯಿ. ಎರಡು ಸಲ ಹಚ್ಚಿದರೆ 16 ರೂಪಾಯಿ. ಸ್ಕಾಲರ್‌ಶಿಪ್ ನಂಬಿ ಹಾಸ್ಟೆಲಿನಲ್ಲಿರುವವರಿಗೆ ಇದು ಸಣ್ಣ ಮೊತ್ತವಲ್ಲ. ಬಟ್ಟೆ ಮೊದಲು ಎಂದು ಹೇಳಿದ್ದು ಇದಕ್ಕೇ. ಬಿಸಿಲಿಗೆ ಹೋಗದ ದಿನ ಹಚ್ಚುವ ಅಗತ್ಯವೂ ಇಲ್ಲ. ಕೈಕಾಲಿಗೆ ಸ್ವಲ್ಪ ಬಿಸಿಲು ಬೀಳಲಿ, ವಿಟಮಿನ್ ಡಿ ಬೇಕಲ್ಲ. ಟ್ಯೂಬನ್ನು ಬೈಕಿನ ಡಿಕ್ಕಿಯಲ್ಲಿ ಇಟ್ಟು ಕಾಯಿಸಬೇಡಿ, ಶಾಖಕ್ಕೆ ಅದು ಕೆಡುತ್ತದೆ.

ದುಡ್ಡು ಉಳಿಸಲು ಮನೆಯಲ್ಲೇ ಜಿಂಕ್ ಪುಡಿಯನ್ನು ಕೊಬ್ಬರಿ ಎಣ್ಣೆಗೆ ಕಲಸುವ ವಿಡಿಯೊಗಳು ಮೊಬೈಲ್‌ನಲ್ಲಿ ಓಡಾಡುತ್ತಿವೆ. ಪುಡಿ ಗಂಟಾಗಿ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ. ಎಣ್ಣೆ ಮಿಲ್ಲುಗಳ ಊರಿನವರಾದ ನಾವು ಎಣ್ಣೆಯ ಗುಣ ಬಲ್ಲೆವು. ಅದು ಚರ್ಮದ ಒಣಕಲು ಕಳೆಯುತ್ತದೆ, ಬಿಸಿಲನ್ನು ತಡೆಯುವಷ್ಟು ಶಕ್ತಿ ಅದಕ್ಕಿಲ್ಲ.

ಬಿಳುಪಿನ ಆಸೆ ಬೇಡ

ಇಂಟರ್‌ವ್ಯೂ ಇದೆ, ಹೆಣ್ಣು ನೋಡಲು ಬರುತ್ತಾರೆ, 'ಬಿಸಿಲಿಗೆ ಎಷ್ಟು ಕಪ್ಪಾಗಿದ್ದೀಯ' ಎಂಬ ಮಾತು ಬೀಳುತ್ತದೆ. ಆಗ ಕೈ ಹೋಗುವುದು ವಾರದಲ್ಲಿ ಬೆಳ್ಳಗೆ ಮಾಡುವ ಕ್ರೀಮಿಗೆ. ಇಂಥ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪೇರಿ, ಮೊಡವೆ ಏಳುತ್ತದೆ, ಬಿಸಿಲೂ ತಡೆಯಲಾಗುವುದಿಲ್ಲ. ಇದಕ್ಕಾಗಿಯೇ ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಇನ್ನು ಕೆಲವದರಲ್ಲಿ ಪಾದರಸ ಇರುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಂದವರನ್ನು ವೈದ್ಯರು ವಿಚಾರಿಸಿದಾಗ, ಅವರಲ್ಲಿ ಹಲವರು ಇಂಥ ಬಿಳುಪಿನ ಕ್ರೀಮು ಹಚ್ಚುತ್ತಿದ್ದುದು ತಿಳಿದುಬಂತು. ಆ ವರ್ಷವೇ ಅಲ್ಲಿನ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ತಪಾಸಣೆ ನಡೆಸಿತು.

ನಿಜವಾದ ಸನ್‌ಸ್ಕ್ರೀನ್ ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ. ಇರುವ ಚರ್ಮವನ್ನು ಇದ್ದ ಹಾಗೆ ಕಾಯುತ್ತದೆ, ಅಷ್ಟೇ. ಹೊಸ ಕ್ರೀಮನ್ನು ಮೊದಲು ಮೊಣಕೈ ಒಳಭಾಗಕ್ಕೆ ಎರಡು ಮೂರು ದಿನ ಹಚ್ಚಿ ನೋಡಿ. ತುರಿಕೆ, ಗುಳ್ಳೆ ಬಂದರೆ ನಿಲ್ಲಿಸಿ. ಬಂಗು ಹರಡುತ್ತಿದ್ದರೆ ಅಂಗಡಿಯವರನ್ನು ಕೇಳುವ ಬದಲು ಚರ್ಮದ ವೈದ್ಯರಿಗೆ ತೋರಿಸಿ. ಮುಂದಿನ ಸಲ ಮೆಡಿಕಲ್ ಸ್ಟೋರಿನಲ್ಲಿ ಯಾವ ಬ್ರಾಂಡ್ ಬೇಕು ಎಂದು ಕೇಳಿದರೆ, ಎರಡು ಮೂರು ಟ್ಯೂಬು ತೋರಿಸಿ ಎನ್ನಿ, ತಿರುಗಿಸಿ ಓದಿ, ಆಮೇಲೆ ದುಡ್ಡು ಕೊಡಿ.