ಹಳೆಯ ಅಕ್ವಾಲಂಗ್‌ಗೆ ಮತ್ತೆ ಉಸಿರು

ಮೂರು ಮೀಟರ್ ಉದ್ದದ ಒಂದು ಕೊಳವೆಯ ಮೇಲ್ತುದಿಯನ್ನು ನೀರಿನ ಮೇಲಿಟ್ಟು, ಕೆಳತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೆರೆಯ ತಳದಲ್ಲಿ ಕುಳಿತು ಉಸಿರಾಡಬಹುದೇ? ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಬಹಳಷ್ಟು ಮಂದಿ 'ಆಗಬಹುದು' ಎನ್ನುತ್ತಾರೆ. ಆದರೆ ಸಾಧ್ಯವಿಲ್ಲ. ಮೂರು ಮೀಟರ್ ಆಳದಲ್ಲಿ ನೀರಿನ ಹೆಚ್ಚುವರಿ ಒತ್ತಡ ಸುಮಾರು 0.3 ಬಾರ್. ಎದೆಯ 500 ಚದರ ಸೆಂ.ಮೀ. ಭಾಗದ ಮೇಲೆ ಇದು 150 ಕಿ.ಗ್ರಾಂ. ತೂಕವನ್ನು ಹೇರಿದಂತೆ. ಕೊಳವೆಯೊಳಗಿನ ಗಾಳಿಯಾದರೋ ಮೇಲಿನ ವಾತಾವರಣದ ಒತ್ತಡದಲ್ಲೇ ಇರುತ್ತದೆ. ಉಸಿರಾಟದ ಸ್ನಾಯುಗಳು ಈ ವ್ಯತ್ಯಾಸವನ್ನು ಗೆಲ್ಲಲಾರವು. ಮುಳುಗುವವನಿಗೆ ಬೇಕಾದುದು ಬರೀ ಗಾಳಿಯಲ್ಲ, ಅವನಿರುವ ಆಳದ ಒತ್ತಡದಲ್ಲೇ ಇರುವ ಗಾಳಿ.

ಈ ಕೆಲಸ ಮಾಡುವ ನಿಯಂತ್ರಕವನ್ನು ಫ್ರಾನ್ಸಿನಲ್ಲಿ ಎಮಿಲ್ ಗಾನ್ಯಾನ್ ಮತ್ತು ಜಾಕ್ ಕೂಸ್ತೊ ರೂಪಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಅಭಾವವಿದ್ದಾಗ ಕಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ಒಂದು ಕವಾಟವನ್ನು ಸಿದ್ಧಪಡಿಸಿದ್ದ. ಅದನ್ನೇ ಉಸಿರಾಟಕ್ಕೆ ಹೊಂದಿಸಲಾಯಿತು. 1943ರಲ್ಲಿ ಮಾರ್ನ್ ನದಿಯಲ್ಲಿ ನಡೆದ ಪರೀಕ್ಷೆಯಲ್ಲಿ ಒಂದು ವಿಚಿತ್ರ ಕಂಡುಬಂತು. ಕೂಸ್ತೊ ನೆಟ್ಟಗೆ ನಿಂತರೆ ಗಾಳಿ ತಾನಾಗಿ ಭೋರೆಂದು ಸೋರಿಹೋಗುತ್ತಿತ್ತು, ತಲೆಕೆಳಗಾದರೆ ಉಸಿರೆಳೆಯುವುದೇ ಕಷ್ಟವಾಗುತ್ತಿತ್ತು. ಕಾರಣ ಸರಳ. ಗಾಳಿ ಹೊರಹೋಗುವ ಬಾಯಿ, ಗಾಳಿ ಬಿಡುವ ಪೊರೆಗಿಂತ ಸುಮಾರು 15 ಸೆಂ.ಮೀ. ಮೇಲಿತ್ತು. ಅಷ್ಟೇ ಎತ್ತರದ ನೀರಿನ ಒತ್ತಡ ಅಲ್ಲಿ ಕಡಿಮೆ. ಸಾಧನದೊಳಗಿನ ಗಾಳಿಗೆ ಎಲ್ಲೆಡೆ ಒಂದೇ ಒತ್ತಡವಿರುವುದರಿಂದ ಅದು ಮೇಲಿನ ಬಾಯಿಂದ ಹೊರಬೀಳುತ್ತದೆ, ಒಳಗೆ ಒತ್ತಡ ಇಳಿಯುತ್ತದೆ, ಪೊರೆ ಒಳಬಾಗಿ ಇನ್ನಷ್ಟು ಗಾಳಿ ಬಿಡುತ್ತದೆ. ಹೊರಬಾಯಿಯನ್ನು ಪೊರೆಯ ಪಕ್ಕಕ್ಕೆ ತಂದೊಡನೆ ತೊಂದರೆ ನಿಂತಿತು. ಅಕ್ವಾಲಂಗ್ ಹುಟ್ಟಿದ್ದು ಹೀಗೆ. ಎರಡು ಸುಕ್ಕುಕೊಳವೆಗಳು, ಒಂದು ಗಾಳಿ ತರಲು, ಇನ್ನೊಂದು ನಿಶ್ವಾಸವನ್ನು ಬೆನ್ನ ಹಿಂದಿನ ಪೆಟ್ಟಿಗೆಗೆ ಒಯ್ಯಲು, ಬಳಕೆಗೆ ಬಂದುದೂ ಇದೇ ಕಾರಣಕ್ಕೆ.

ಇಂಥ ಜೋಡಿಕೊಳವೆಯ ಸಾಧನಗಳನ್ನು ಸರಿಪಡಿಸಿ ಮತ್ತೆ ನೀರಿಗಿಳಿಯುವ ಹವ್ಯಾಸಿಗಳು ಅಮೆರಿಕ, ಯೂರೋಪುಗಳಲ್ಲಿ ಇಂದಿಗೂ ಇದ್ದಾರೆ. 1960ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾಗುತ್ತಿದ್ದ 'ಡಿ.ಎ. ಅಕ್ವಾಮಾಸ್ಟರ್' ಇವರ ಮೆಚ್ಚಿನ ಮಾದರಿಗಳಲ್ಲಿ ಒಂದು. ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇದರಲ್ಲಿ ಒತ್ತಡ ಎರಡು ಹಂತದಲ್ಲಿ ಇಳಿಯುತ್ತದೆ. ಮೊದಲ ಹಂತ ಸಿಲಿಂಡರಿನ 150 ಬಾರ್ ಒತ್ತಡವನ್ನು ಸುತ್ತಲಿನ ಒತ್ತಡಕ್ಕಿಂತ 7–8 ಬಾರ್ ಹೆಚ್ಚಿರುವ ನಡುವಣ ಒತ್ತಡಕ್ಕೆ ತರುತ್ತದೆ. ಎರಡನೆಯ ಹಂತದಲ್ಲಿ ಅಗಲವಾದ ರಬ್ಬರ್ ಪೊರೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಉಸಿರಾಡುವ ಗಾಳಿ. ಉಸಿರೆಳೆದಾಗ ಪೊರೆ ಬಾಗಿ ಸನ್ನೆಯನ್ನು ಒತ್ತುತ್ತದೆ, ಕವಾಟ ತೆರೆಯುತ್ತದೆ. ಪೊರೆಯ ಕಾರ್ಯಕಾರಿ ವ್ಯಾಸ 8 ಸೆಂ.ಮೀ. ಎಂದುಕೊಳ್ಳಿ. 2.5 ಸೆಂ.ಮೀ. ನೀರಿನಷ್ಟು ಎಳೆತಕ್ಕೆ ಅದರ ಮೇಲಿನ ಬಲ ಸುಮಾರು 1.25 ನ್ಯೂಟನ್ ಮಾತ್ರ. ಇಷ್ಟು ಸಣ್ಣ ಬಲ ನೂರಾರು ಬಾರ್‌ಗಳ ಬಾಗಿಲನ್ನು ಕಾಯಬೇಕು. ದುರಸ್ತಿಯ ಕಷ್ಟವೆಲ್ಲ ಇಲ್ಲಿಯೇ ಇದೆ. ಕ್ರೋಮಿಯಂ ಲೇಪನ ಫಳಫಳ ಹೊಳೆದ ಮಾತ್ರಕ್ಕೆ ಸಾಧನ ಸರಿಹೋಯಿತು ಎನ್ನುವಂತಿಲ್ಲ.

ಮೊದಲು ಕೆಡುವುದು ರಬ್ಬರು. ನೈಸರ್ಗಿಕ ರಬ್ಬರಿನ ಅಣುಸರಪಳಿಯಲ್ಲಿರುವ ದ್ವಿಬಂಧಗಳನ್ನು ಗಾಳಿಯಲ್ಲಿನ ಓಜೋನ್ ಕತ್ತರಿಸುತ್ತದೆ. ಬಾಗಿದ ಜಾಗಗಳಲ್ಲಿ, ಅಂದರೆ ಸುಕ್ಕುಕೊಳವೆಯ ಮಡಿಕೆಗಳಲ್ಲಿ, ಸಣ್ಣ ಬಿರುಕುಗಳು ಏಳುತ್ತವೆ. ಕೊಳವೆಯನ್ನು ಹಿಗ್ಗಿಸಿ ದೀಪಕ್ಕೆ ಹಿಡಿದರೆ ಇವು ಕಾಣುತ್ತವೆ. ಪೊರೆ, ಕೊಳವೆ, ಬಾತುಕೋಳಿ ಕೊಕ್ಕಿನ ಆಕಾರದ ನಿಶ್ವಾಸ ಕವಾಟ ಇವೆಲ್ಲ ಈಗ ಸಿಲಿಕೋನಿನಲ್ಲಿ ಹೊಸದಾಗಿ ಸಿಗುತ್ತವೆ. ಸಿಲಿಕೋನಿನ ಮುಖ್ಯ ಸರಪಳಿಯಲ್ಲಿ ಅಂಥ ದ್ವಿಬಂಧಗಳಿಲ್ಲ, ಆದ್ದರಿಂದ ಓಜೋನಿಗೆ ಅದು ಬಗ್ಗದು. ಹಳೆಯ ರಬ್ಬರಿಗೆ ಯಂತ್ರದ ಎಣ್ಣೆ ಹಚ್ಚಿ ಮೆದುಗೊಳಿಸುವ ಯತ್ನ ಬೇಡ. ಖನಿಜ ತೈಲ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಅಧಿಕ ಒತ್ತಡದ ಭಾಗಗಳಲ್ಲಿ ಇನ್ನೊಂದು ಅಪಾಯವೂ ಇದೆ. ಸಿಲಿಂಡರಿನ ಕವಾಟವನ್ನು ಥಟ್ಟನೆ ತೆರೆದರೆ ಮುಂದಿರುವ ಗಾಳಿ ಶಾಖವಿನಿಮಯಕ್ಕೆ ಅವಕಾಶವಿಲ್ಲದೆ ಒತ್ತಲ್ಪಡುತ್ತದೆ. 300 ಕೆಲ್ವಿನ್‌ನಲ್ಲಿರುವ ಗಾಳಿ 1ರಿಂದ 200 ಬಾರ್‌ಗೆ ಹೋದರೆ ಆದರ್ಶ ಲೆಕ್ಕದಲ್ಲಿ ತಾಪ 1300 ಕೆಲ್ವಿನ್ ದಾಟುತ್ತದೆ. ನಿಜದಲ್ಲಿ ಲೋಹ ಬಹುಪಾಲು ಶಾಖವನ್ನು ಹೀರಿಕೊಳ್ಳುತ್ತದೆ. ಹಾಗಿದ್ದರೂ ಆಕ್ಸಿಜನ್ ಹೆಚ್ಚಿರುವ ಮಿಶ್ರಣವಿದ್ದಲ್ಲಿ ಎಣ್ಣೆಯ ಹನಿ ಬೆಂಕಿಗೆ ಕಾರಣವಾಗಬಲ್ಲದು.

ಲೋಹದ ಭಾಗ ಹಿತ್ತಾಳೆ. ಕಿಲುಬು ಹಿಡಿದಿದ್ದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಕೆಲವು ನಿಮಿಷ ನೆನೆಹಾಕಿ, ಮೃದುವಾದ ಬ್ರಷ್‌ನಿಂದ ಉಜ್ಜಿ, ಶುದ್ಧ ನೀರಿನಲ್ಲಿ ತೊಳೆಯುತ್ತಾರೆ. ಮನೆಯಲ್ಲಿ ಹುಣಸೆಹುಳಿಯಿಂದ ತಂಬಿಗೆ ಬೆಳಗುವಾಗ ನಡೆಯುವ ರಸಾಯನಕ್ರಿಯೆಯೇ ಇದು. ಹೆಚ್ಚು ಹೊತ್ತು ಬಿಟ್ಟರೆ ಮಿಶ್ರಲೋಹದಿಂದ ಸತು ಕರಗಿ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ಬಣ್ಣ ಕಂಡರೆ ಅದು ಶುಭಸೂಚನೆಯಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮೊದಲ ಹಂತದಲ್ಲಿ ಒಂದು ಬಲವಾದ ಸ್ಪ್ರಿಂಗ್ ಕವಾಟವನ್ನು ತೆರೆಯಲು ನೂಕುತ್ತದೆ. ಸಣ್ಣ ಪೊರೆಯ ಮೇಲಿನ ನಡುವಣ ಒತ್ತಡ ಮತ್ತು ಕವಾಟದ ಮೇಲಿನ ಸಿಲಿಂಡರ್ ಒತ್ತಡ ಎರಡೂ ಸೇರಿ ಅದನ್ನು ಮುಚ್ಚಲು ನೂಕುತ್ತವೆ. ರಂಧ್ರದ ವಿಸ್ತೀರ್ಣ 5 ಚದರ ಮಿ.ಮೀ. ಎಂದುಕೊಂಡರೆ, 150 ಬಾರ್‌ನಲ್ಲಿ ಸಿಲಿಂಡರ್ ಒತ್ತಡದ ಪಾಲು 75 ನ್ಯೂಟನ್, 30 ಬಾರ್‌ನಲ್ಲಿ ಕೇವಲ 15. ಸ್ಪ್ರಿಂಗ್ ಬಲ ಬದಲಾಗಿಲ್ಲ. ಕಡಿಮೆಯಾದ 60 ನ್ಯೂಟನ್ನನ್ನು ನಡುವಣ ಒತ್ತಡವೇ ತುಂಬಿಕೊಡಬೇಕು. ಪೊರೆಯ ವಿಸ್ತೀರ್ಣ 5 ಚದರ ಸೆಂ.ಮೀ. ಆದರೆ ಅದು 1.2 ಬಾರ್ ಏರಬೇಕಾಗುತ್ತದೆ. ಸಿಲಿಂಡರ್ ಖಾಲಿಯಾದಂತೆ ನಡುವಣ ಒತ್ತಡ ಏರುತ್ತದೆ! ಹೊಸಬರಿಗೆ ಇದು ತಲೆಕೆಳಗಾದಂತೆ ತೋರುತ್ತದೆ. ಮುಂದೆ ಬಂದ 'ರಾಯಲ್ ಅಕ್ವಾಮಾಸ್ಟರ್'ನಲ್ಲಿ ಕವಾಟವನ್ನು ಸಮತೋಲಿತಗೊಳಿಸಿ ಈ ಅವಲಂಬನೆಯನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಡಿ.ಎ. ಮಾದರಿಯನ್ನು ತುಂಬಿದ ಸಿಲಿಂಡರಿಗೆ ಮಾತ್ರ ಜೋಡಿಸಿ ಸರಿಹೊಂದಿಸಿದರೆ, ಮುಳುಗಿನ ಕೊನೆಯಲ್ಲಿ ಅದು ಸೋರತೊಡಗಬಹುದು. ಎರಡೂ ಸ್ಥಿತಿಗಳಲ್ಲಿ ಅಳೆಯಲೇಬೇಕು.

ಅಳೆಯುವುದು ನಡುವಣ ಒತ್ತಡಕ್ಕೆ ಜೋಡಿಸಿದ ಮಾಪಕದಿಂದ. ಕೆಲವು ಬಾರಿ ಉಸಿರೆಳೆದು ನಿಲ್ಲಿಸಿದಾಗ ಮುಳ್ಳು ಒಂದು ಅಂಕಿಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ನಿಧಾನವಾಗಿ ಮೇಲೇರುತ್ತಲೇ ಇದ್ದರೆ ಕವಾಟದ ಪೀಠದಲ್ಲಿ ಗೀರು ಇದೆ ಅಥವಾ ಕಸ ಸಿಕ್ಕಿದೆ ಎಂದರ್ಥ. ಅಂಥ ಸಾಧನ ದಡದ ಮೇಲೆ ಐದು ನಿಮಿಷ ಚೆನ್ನಾಗಿಯೇ ಉಸಿರು ಕೊಡುತ್ತದೆ, ಆದ್ದರಿಂದಲೇ ಅದು ಮೋಸಗಾರ. ಎರಡನೆಯ ಹಂತಕ್ಕೆ ಬೇಕಾದ ಉಪಕರಣ ನಿಮ್ಮ ಪ್ರಯೋಗಶಾಲೆಯಲ್ಲೇ ಇದೆ, ನೀರು ತುಂಬಿದ ಯು-ನಳಿಗೆ. ಮೌತ್‌ಪೀಸಿಗೆ ಅದನ್ನು ಜೋಡಿಸಿ, ಗಾಳಿ ಹರಿಯಲು ತೊಡಗುವ ಕ್ಷಣದ ನೀರಿನ ಮಟ್ಟದ ವ್ಯತ್ಯಾಸವನ್ನು ಗುರುತಿಸಿಕೊಳ್ಳಿ. ಬಳಿಕ ಸಿಲಿಂಡರ್ ಮುಚ್ಚಿ, 10 ಸೆಂ.ಮೀ. ಎಳೆದು ಹಿಡಿಯಿರಿ. ಮಟ್ಟ ಇಳಿದರೆ ಪೊರೆಯಲ್ಲೋ ಕೊಳವೆಯಲ್ಲೋ ನಿಶ್ವಾಸ ಕವಾಟದಲ್ಲೋ ತೂತಿದೆ, ನೀರಿನಡಿಯಲ್ಲಿ ಅಲ್ಲಿಂದ ನೀರೇ ಒಳಬರುತ್ತದೆ. ನಿಶ್ವಾಸಕ್ಕೆ ಬಾಯಿಯ ಬಳಿಯೇ ತೂತಿರುವ ಮೌತ್‌ಪೀಸನ್ನು ಜೋಡಿಸಿದರೆ ಏನಾದೀತು? ಮಾರ್ನ್ ನದಿಯ ದೋಷ ಮರಳಿ ಬರುತ್ತದೆ.

ಸಿಲಿಂಡರಿನ ಮಾತು ಬೇರೆ. ನಿಯಂತ್ರಕವನ್ನು ಕುಶಲಿಯಾದ ಹವ್ಯಾಸಿ ಸರಿಪಡಿಸಬಹುದು, ಸಿಲಿಂಡರನ್ನು ಮಾತ್ರ ಅಧಿಕೃತ ಪರೀಕ್ಷಾಕೇಂದ್ರಕ್ಕೇ ಒಯ್ಯಬೇಕು. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಗಾಳಿಯಿದ್ದು ಅದು ಥಟ್ಟನೆ ಒಡೆದರೆ ಹೊರಬೀಳುವ ಶಕ್ತಿ ಸುಮಾರು 4.7 ಲಕ್ಷ ಜೂಲ್, ಅಂದರೆ ಒಂದು ಟನ್ ತೂಕದ ಕಾರು ಗಂಟೆಗೆ 110 ಕಿ.ಮೀ. ವೇಗದಲ್ಲಿರುವಾಗಿನ ಚಲನಶಕ್ತಿ. ಅದೇ ಒತ್ತಡಕ್ಕೆ ನೀರು ತುಂಬಿದರೆ ಸಂಗ್ರಹವಾಗುವುದು ಸಾವಿರ ಜೂಲ್‌ನಷ್ಟು ಮಾತ್ರ, ಏಕೆಂದರೆ ನೀರು ಹೆಚ್ಚು ಕುಗ್ಗದು. ಆದ್ದರಿಂದಲೇ ಪರೀಕ್ಷೆಯನ್ನು ನೀರಿನಿಂದ ಮಾಡುತ್ತಾರೆ. ಅಮೆರಿಕದ ನಿಯಮದಂತೆ ಬಳಕೆ ಒತ್ತಡದ 5/3ರಷ್ಟು ಒತ್ತಡ ಹೇರಿ, ಸಿಲಿಂಡರ್ ಎಷ್ಟು ಹಿಗ್ಗಿತು, ಒತ್ತಡ ತೆಗೆದಾಗ ಎಷ್ಟು ಹಿಂದಿರುಗಿತು ಎಂದು ಅಳೆಯುತ್ತಾರೆ. ಒಟ್ಟು ಹಿಗ್ಗುವಿಕೆಯ ಶೇಕಡ 10ಕ್ಕಿಂತ ಹೆಚ್ಚು ಶಾಶ್ವತವಾಗಿ ಉಳಿದರೆ ಸಿಲಿಂಡರ್ ತಿರಸ್ಕೃತ. ಹುಕ್ ನಿಯಮದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ನಮ್ಮ ಅಡುಗೆ ಅನಿಲದ ಸಿಲಿಂಡರಿನ ಮೇಲೆ ಎ, ಬಿ, ಸಿ, ಡಿ ಅಕ್ಷರದ ಜೊತೆ ವರ್ಷವನ್ನು ಬರೆದಿರುವುದೂ ಮುಂದಿನ ಪರೀಕ್ಷೆಯ ಅವಧಿಯನ್ನು ತಿಳಿಸಲು.

ಉಕ್ಕಿನ ಹಳೆಯ ಸಿಲಿಂಡರಿನೊಳಗೆ ತೇವ ಉಳಿದಿದ್ದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣವನ್ನಷ್ಟೇ ಅಲ್ಲ, ಒಳಗಿನ ಆಕ್ಸಿಜನ್ನನ್ನೂ ತಿನ್ನುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟ ಗಾಳಿಯಲ್ಲಿ ಒತ್ತಡ ಸಾಕಷ್ಟಿದ್ದರೂ ಉಸಿರಾಡುವವನು ಎಚ್ಚರ ತಪ್ಪಬಹುದು. ಇನ್ನು 6351 ಎಂಬ ಮಿಶ್ರಲೋಹದ ಹಳೆಯ ಅಲ್ಯುಮಿನಿಯಂ ಸಿಲಿಂಡರುಗಳಲ್ಲಿ ಕತ್ತಿನ ತಿರುಪುಗಳ ಬಳಿ, ಸತತ ಒತ್ತಡದಿಂದಲೇ ಬಿರುಕು ಬೆಳೆಯುವುದುಂಟು. ನೀರಿನ ಪರೀಕ್ಷೆ ಇದನ್ನು ಹಿಡಿಯಲಾರದು, ಸುಳಿವಿದ್ಯುತ್ ಪರೀಕ್ಷೆ ಬೇಕು. ಇಂಥ ಸಿಲಿಂಡರಿನ ಸ್ಥಾನ ಪ್ರದರ್ಶನದ ಕಪಾಟು ಎಂದೇ ನನ್ನ ಅಭಿಪ್ರಾಯ.

ಆ ಕಾಲದ ಅನೇಕ ಮುಳುಗುಗಾರರ ಬಳಿ ಒತ್ತಡಮಾಪಕವೂ ಇರುತ್ತಿರಲಿಲ್ಲ. ಸಿಲಿಂಡರ್ ಒತ್ತಡ 20–30 ಬಾರ್‌ಗೆ ಇಳಿದಾಗ ಸ್ಪ್ರಿಂಗ್ ಕವಾಟವೊಂದು ಗಾಳಿಯನ್ನು ಬಿಗಿಹಿಡಿಯುತ್ತಿತ್ತು. ಉಸಿರು ಭಾರವಾದೊಡನೆ ಬೆನ್ನ ಬದಿಯ ಸರಳನ್ನು ಎಳೆದು ಉಳಿದ ಗಾಳಿಯಲ್ಲಿ ಮೇಲೇರಬೇಕು. ಸರಳು ಮೊದಲೇ ಎಳೆದ ಸ್ಥಿತಿಯಲ್ಲಿದ್ದರೆ ಎಚ್ಚರಿಕೆಯೂ ಇಲ್ಲ, ಮೀಸಲೂ ಇಲ್ಲ. ಹಳೆಯ ಸಾಧನದೊಡನೆ ನೀರಿಗಿಳಿಯುವ ಹವ್ಯಾಸಿಗಳು ಈಗ ಅದಕ್ಕೊಂದು ಮಾಪಕವನ್ನು ಜೋಡಿಸಿಕೊಳ್ಳುತ್ತಾರೆ. ನೋಟದ ಹಳೆಯತನ ಅಷ್ಟರ ಮಟ್ಟಿಗೆ ಕೆಡುತ್ತದೆ, ಕೆಡಲಿ.