ಹಾಡು ಹಚ್ಚಿ ಓದಿದರೆ ತಲೆಗೆ ಹತ್ತುವುದೇ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಹಳ್ಳಿಗಳಿಗೆ ಸಂಘದ ಸಭೆಗೆ ಹೋದಾಗ ತಾಯಂದಿರು ನಮ್ಮನ್ನು ಕೇಳುವುದುಂಟು: “ನಮ್ಮ ಹುಡುಗ ಕಿವ್ಯಾಗ ಹಾಡು ಹಚ್ಕೊಂಡ ಓದ್ತಾನ್ರಿ, ತಲಿಗೆ ಹತ್ತತೈತೇನ್ರಿ?”

ಓದುವಾಗ ನಾವು ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತೇವೆ. ಹಾಡಿನಲ್ಲೂ ಮಾತಿದೆ. ಎರಡೂ ಕೂಡಿದರೆ ಒಂದಕ್ಕೊಂದು ಅಡ್ಡ. ಆದ್ದರಿಂದ ಪಾಠ ಓದುವಾಗ, ಬಾಯಿಪಾಠ ಮಾಡುವಾಗ ಹಾಡು ಬಂದ್ ಇರಲಿ. ಮೆಲ್ಲಗೆ ಹಚ್ಚಿದ ಬರೀ ವಾದ್ಯ ಸಂಗೀತದಿಂದ ಅಷ್ಟು ತೊಂದರೆಯಿಲ್ಲ.

1993ರಲ್ಲಿ ಅಮೆರಿಕದ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟ್‌ನ ಸಂಗೀತವನ್ನು 10 ನಿಮಿಷ ಕೇಳಿಸಿ ಪರೀಕ್ಷೆ ಕೊಟ್ಟರು. ಆಕಾರಗಳನ್ನು ಮನಸ್ಸಿನಲ್ಲೇ ಊಹಿಸಿ ಬಿಡಿಸುವ ಬಗೆಯ ಪ್ರಶ್ನೆಗಳಲ್ಲಿ ಅಂಕ ಏರಿತು. ಕಾಲು ತಾಸಿನಲ್ಲಿ ಆ ಗುಣ ಇಳಿದೂ ಹೋಯಿತು. ‘ಬುದ್ಧಿ ಬೆಳೆಸುವ ಸಂಗೀತ’ ಎಂದು ಕ್ಯಾಸೆಟ್, ಸಿ.ಡಿ. ಮಾರಿದವರು ಈ ಎರಡನೇ ಮಾತು ಹೇಳಲಿಲ್ಲ!

ಹಾಗಂತ ಹಾಡು ಬೇಡವೆಂದಲ್ಲ. ಪರೀಕ್ಷೆಯ ಅಂಜಿಕೆ ಇದ್ದಾಗ, ಓದು ಮುಗಿಸಿ ತನಗೆ ಸೇರುವ ನಿಧಾನದ ಹಾಡನ್ನು ಸ್ವಲ್ಪ ಹೊತ್ತು ಕೇಳಿದರೆ ಮನಸ್ಸು ಹಗುರಾಗುತ್ತದೆ. ಮನೆಮಂದಿ ಕೂಡಿ ಭಜನೆ ಹಾಡಿದರೆ ಮತ್ತೂ ಚಲೋ.

ಮಕ್ಕಳು ಬ್ಯಾಡಂದ್ರೂ ಕಿವಿಗೆ ಬೀಳುವ ಹಾಡಿನದು ಬೇರೆ ಕಥೆ. ಜಾತ್ರೆ, ಮದುವೆ, ನಮ್ಮ ಚರ್ಚಿನ ಹಬ್ಬ, ಯಾವುದೇ ಇರಲಿ, ಮೈಕಿನ ಮುಂದೆ ಓದೂ ಇಲ್ಲ, ನಿದ್ದೆಯೂ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕು ಹಚ್ಚುವಂತಿಲ್ಲ. ಹಬ್ಬಕ್ಕೆಂದು ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದಾದರೂ ಅದು ವರ್ಷಕ್ಕೆ 15 ದಿನ ಮೀರುವಂತಿಲ್ಲ. ಮಾರ್ಚ್ ಬರುವ ಮೊದಲೇ ಸಂಘದ ಸಭೆಯಲ್ಲಿ ಈ ವಿಷಯ ತೆಗೆಯಿರಿ. ಊರ ಹಿರಿಯರಿಗೆ ಹೇಳಿ, ಠಾಣೆಗೊಂದು ಅರ್ಜಿ ಕೊಡಿ. ಬರೆಯಲು ನಾವು ಸಹಾಯ ಮಾಡುತ್ತೇವೆ.